ಪದುವಾದ ಸಾಲಗಾರರ ಸಂತ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಬೀಗದ ಕೈ ಕಳೆದಾಗ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರನ್ನು ನೆನೆದೆ, ಸಿಕ್ಕಿತು ಅಂತ ಹೇಳಿದೆಯಲ್ಲ, ಖುಷಿಯಾಯಿತು. ಅವರ ಚರ್ಚಿರುವ ದೋರನಹಳ್ಳಿಗೆ ಬರುವ ಜನರೂ ಅಷ್ಟೇ, ಯಾವ ಧರ್ಮದವರಾದರೂ ಏನಾದರೊಂದು ಬೇಡಿಕೊಳ್ಳಲೇ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಾನೂನು ಓದುತ್ತಿರುವ ನಿನಗೆ ಈ ಸಂತರ ಬೇರೊಂದು ಸಂಗತಿ ಹೇಳಲೇಬೇಕು.

ಇಟಲಿಯ ಪದುವಾ ಊರಿನ ಸಂತ ಅಂತ ಹೆಸರಾದರೂ ಅವರು ಹುಟ್ಟಿದ್ದು ಇಟಲಿಯಲ್ಲಿ ಅಲ್ಲ. 1195ರಲ್ಲಿ, ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಹೆಸರು ಫೆರ್ನಾಂಡೊ. ಹದಿನೈದರ ಹೊತ್ತಿಗೆ ಊರಂಚಿನ ಅಗಸ್ಟೀನಿಯನ್ ಪಂಗಡದ ಕ್ರೈಸ್ತ ಮಠ ಸೇರಿದರು. ನೆಂಟರು, ಗೆಳೆಯರು ಸುಮ್ನೆ ಬಂದು ಕೂರುವುದು ಜಾಸ್ತಿಯಾಯಿತು ಅಂತ ಕೊಯಿಂಬ್ರಾದ ಮಠಕ್ಕೆ ಕಳಿಸಿ ಎಂದು ಕೇಳಿಕೊಂಡು ಹೋದರು. 1220ರಲ್ಲಿ ಮೊರೊಕ್ಕೊದಲ್ಲಿ ಅಸಿಸಿಯ ಫ್ರಾನ್ಸಿಸ್ ಕಟ್ಟಿದ ಫ್ರಾನ್ಸಿಸ್ಕನ್ ಸಭೆಯ ಐವರು ಸಹೋದರರನ್ನು ಕೊಂದರು. ಅವರ ಅವಶೇಷಗಳು ಬಂದಿದ್ದು ಅದೇ ಕೊಯಿಂಬ್ರಾಕ್ಕೆ. ಆಮೇಲೆ ಇವರಿಗೆ ಪುಸ್ತಕದ ಮುಂದೆ ಕೂರಲು ಆಗಲಿಲ್ಲ. ಫ್ರಾನ್ಸಿಸ್ಕನ್ ಸಭೆ ಸೇರಿ, ಅಂತೋಣಿ ಅಂತ ಹೆಸರಿಟ್ಟುಕೊಂಡು, ಮೊರೊಕ್ಕೊಗೇ ಹೊರಟರು. ಅಲ್ಲಿ ಕಾಯಿಲೆ ಬಿದ್ದರು. ವಾಪಸ್ ಬರುವ ಹಡಗನ್ನು ಬಿರುಗಾಳಿ ಸಿಸಿಲಿಗೆ ತಳ್ಳಿತು.

1221ರಲ್ಲಿ ಅಸಿಸಿಯಲ್ಲಿ ಸಭೆಯವರೆಲ್ಲ ಸೇರಿದ್ದಾಗ ಈ ಹೊಸಬನನ್ನು ತಮ್ಮ ಜೊತೆ ಕರೆದವರಿಲ್ಲ. ಕೊನೆಗೆ ಫೋರ್ಲಿ ಹತ್ತಿರದ ಮೊಂಟೆ ಪಾವ್ಲೊ ಎಂಬ ಬೆಟ್ಟದ ಆಶ್ರಮಕ್ಕೆ ಹೋದರು. ಅಲ್ಲಿ ಪಾತ್ರೆ ತೊಳೆದರು, ಕಸ ಗುಡಿಸಿದರು. ಮರುವರ್ಷ ಫೋರ್ಲಿಯಲ್ಲಿ ಗುರುದೀಕ್ಷೆಯ, ಅಂದರೆ ಪಾದ್ರಿಗಳಾಗುವ, ಸಮಾರಂಭ. ಪ್ರಬೋಧನೆ ಮಾಡಲು ಯಾರೂ ತಯಾರಾಗಿ ಬಂದಿರಲಿಲ್ಲ. ಅಲ್ಲಿದ್ದ ಇನ್ನೊಂದು ಸಭೆಯ ಡೊಮಿನಿಕನ್ನರನ್ನು ಕೇಳಿದರು, ಒಲ್ಲೆ ಅಂದರು. ಹಿರಿಯರು ಅಂತೋಣಿಯವರತ್ತ ತಿರುಗಿ, ದೇವರು ತೋಚಿಸಿದ್ದನ್ನು ಹೇಳು ಅಂದರು. ಪಾತ್ರೆ ತೊಳೆಯಲಷ್ಟೇ ಸರಿ ಅಂದುಕೊಂಡಿದ್ದವರೆಲ್ಲ ಬಾಯಿ ಬಿಟ್ಟು ಕೇಳಿದರು. ವರ್ಷಗಟ್ಟಲೆ ಓದಿದ್ದ ಬೈಬಲ್ ಪೂರ್ತಿ ಅವರ ನಾಲಗೆ ಮೇಲಿತ್ತು. ಆಮೇಲೆ ಉತ್ತರ ಇಟಲಿ, ದಕ್ಷಿಣ ಫ್ರಾನ್ಸ್ ಎಲ್ಲ ಸುತ್ತಿ ಬೋಧಿಸಿದರು.

ಈಗ 1231ಕ್ಕೆ ಬರೋಣ. ಅದು ಪದುವಾದಲ್ಲಿ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳು. ಅವರು ದಿನವೂ ಬೋಧಿಸುತ್ತಿದ್ದರು. ಚರ್ಚುಗಳು ಸಾಲದೆ ಬಯಲಿನಲ್ಲಿ ನಿಂತು ಮಾತಾಡಿದರು. ಅಂಗಡಿಗಳವರು ಬಾಗಿಲು ಹಾಕಿಕೊಂಡು ಬಂದರು. ಬಡ್ಡಿ ವ್ಯಾಪಾರ ಆ ಊರನ್ನು ಹಿಂಡುತ್ತಿತ್ತು. ಸಾಲ ತೀರಿಸಲಾಗದವರನ್ನು ಜೈಲಿಗೆ ಹಾಕುತ್ತಿದ್ದರು. ಅಂತೋಣಿಯವರು ಬಡ್ಡಿಕೋರರನ್ನು ಮುಖಕ್ಕೆ ಹೊಡೆದ ಹಾಗೆ ಬೈದರು. ಅಷ್ಟಕ್ಕೇ ಬಿಡಲಿಲ್ಲ, ನಗರದ ಆಡಳಿತದ ಹತ್ತಿರವೂ ಕೇಳಿದರು. ಆ ಮಾರ್ಚ್‌ನಲ್ಲಿ ಪದುವಾ ನಗರ ಒಂದು ಕಟ್ಟಳೆ ಬರೆಯಿತು: ಇದ್ದ ಆಸ್ತಿಯನ್ನು ಒಪ್ಪಿಸಿದ ಸಾಲಗಾರನನ್ನಾಗಲಿ, ಅವನಿಗೆ ಜಾಮೀನು ನಿಂತವನನ್ನಾಗಲಿ ಸೆರೆಗೆ ಹಾಕುವಂತಿಲ್ಲ. ಇದು ಅಂತೋಣಿಯವರ ಕೋರಿಕೆಯಿಂದ ಆಗಿದ್ದು ಅಂತ ಆ ಕಟ್ಟಳೆಯಲ್ಲೇ ದಾಖಲಾಗಿದೆ. ಜಾಮೀನುದಾರನನ್ನೂ ಮರೆಯಲಿಲ್ಲ ನೋಡು! ಪಕ್ಕದ ಮನೆಯವರಿಗೆ ಸಹಿ ಹಾಕಿ ತಾನೇ ಸಿಕ್ಕಿಬೀಳುವವರನ್ನು ನಾವು ಕಂಡಿಲ್ವಾ?

ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಾಗ ನನಗೆ ಥಟ್ಟನೆ ನೆನಪಾಗಿದ್ದು ಪದುವಾ.

ಕೇಳಿದ್ದೆಲ್ಲ ಅವರಿಗೂ ಸಿಗಲಿಲ್ಲ. ಅದೇ ವರ್ಷ ಕೈದಿಗಳನ್ನು ಬಿಡಿಸಲು ವೆರೋನಾಕ್ಕೆ ಹೋಗಿ ಎಝೆಲಿನೊ ಎಂಬ ಕ್ರೂರ ದೊರೆಯನ್ನು ಬೇಡಿದರು. ಅವನು ಬಗ್ಗಲಿಲ್ಲ. ಬರಿಗೈಯಲ್ಲಿ ಬಂದರು. ಜೂನ್ 13ರಂದು ಪದುವಾದ ಹತ್ತಿರವೇ ತೀರಿಕೊಂಡರು, ಇನ್ನೂ ನಲವತ್ತೂ ಆಗಿರಲಿಲ್ಲ. ವರ್ಷ ತುಂಬುವ ಮೊದಲೇ ಪೋಪ್ ಒಂಬತ್ತನೇ ಗ್ರೆಗರಿ ಅವರನ್ನು ಸಂತರೆಂದು ಸಾರಿದರು.

ಒಂದು ಕೆಲಸ ಮಾಡು. ಆಸ್ತಿ ಒಪ್ಪಿಸಿದವನನ್ನು ಬಿಡಬೇಕು ಅನ್ನುವ ಆ ಮಾತು ನಮ್ಮ ಈಗಿನ ದಿವಾಳಿ ಕಾನೂನಿಗೆ ಎಷ್ಟು ಹತ್ತಿರ, ಜಾಮೀನುದಾರನ ಗತಿ ಈಗ ಏನು ಅಂತ ನಿಮ್ಮ ಮೇಷ್ಟರನ್ನು ಕೇಳಿ ನನಗೆ ಬರೆ. ವಾಟ್ಸಾಪ್‌ನಲ್ಲಿ ಬೇಡ, ವಿವರವಾಗಿ ಬರೆ.

ನಿನ್ನ ಅಮ್ಮ