ಹಳೇ ಫಿಯೆಟ್‌ಗೆ ಹಾಟ್ ರಾಡ್ ವೇಷ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಮ್ಮ ಬಳ್ಳಾರಿ ಕೌಲ್ ಬಜಾರ್‌ನ ಒಂದು ಗ್ಯಾರೇಜ್‌ನಾಗೆ ಹಳೇ ಫಿಯೆಟ್ 1100 ನೋಡಿದೆ ರೀ, ನೋಡಿದೆ ಅನ್ನೋದಕ್ಕಿಂತ ಗುರ್ತೇ ಸಿಗಲಿಲ್ಲ ಅನ್ರಿ, ಟಾಪ್ ಕುಯ್ದು ಗಿಡ್ಡ ಮಾಡ್ಯಾರ, ಮುಂದಿನ ಮಡ್‌ಗಾರ್ಡ್ ಕಿತ್ತಾರ, 1089 ಸಿಸಿ ಇಂಜಿನ್ ತೆಗೆದು ದೊಡ್ಡದು ಕೂರಿಸಿ ಬಾನೆಟ್ಟೇ ಹಾಕದೆ ಬಿಟ್ಟಾರ, ಹಿಂದಿನ ಟೈರ್ ಅಂತೂ ಟ್ರಾಕ್ಟರ್ ತಮ್ಮನಂಗ ಐತಿ. ಇದಕ್ಕ ಹಾಟ್ ರಾಡ್ ಅಂತಾರಂತ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಹುಡುಗರು 1932ರ ಫೋರ್ಡ್‌ನಂಥ ಅಗ್ಗದ ಹಳೇ ಕಾರ್ ತಗೊಂಡು, ತೂಕ ಇಳಿಸಿ, ಎಂಟು ಸಿಲಿಂಡರಿನ ವಿ8 ಇಂಜಿನ್ ತಿದ್ದಿ ಒಣಗಿದ ಕೆರೆ ಬಯಲಾಗ ಓಡಿಸ್ತಿದ್ರು, ಅಲ್ಲಿಂದ ಬೆಳೆದ ಹುಚ್ಚು ಇದು.

ವೆಲ್ಡಿಂಗ್ ಕೆಲಸ ಮಾತ್ರ ಭೇಷ್, ಜೋಡಿಸಿದ ಗೆರೆ ಎಲ್ಲೂ ಕಾಣಂಗಿಲ್ಲ. ನನಗ ಹೊಟ್ಟೆ ಉರಿದಿದ್ದು ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿ ಗುಜರಿಗೆ ಹಾಕಿದ್ದಕ್ಕ, ನಾನು ಡ್ರೈವಿಂಗ್ ಕಲ್ತಿದ್ದೇ ಅಂಥದ್ರಾಗ.

ಮಾಲೀಕರು "ವಿಂಟೇಜ್ ನಂಬರ್ ತಗೋತೀನಿ" ಅಂದ್ರು, ಅಂದ್ರ ಹಳೇ ಕಾಲದ ಗಾಡಿಗೆ ಕೊಡೋ ವಿಶೇಷ ನೋಂದಣಿ. ಸಿಗಂಗಿಲ್ಲ ರೀ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ್ರಷ್ಟೇ ಸಾಲದು, ಚಾಸಿ, ಬಾಡಿ, ಇಂಜಿನ್ ಮೂಲದಂಗೇ ಇರಬೇಕು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಬ್ಯಾರೆ ಐತಿ, ಕಂಪನಿ ಕೊಟ್ಟ ವಿವರ ಬದಲಾಯ್ಸಂಗಿಲ್ಲ ಅಂತ. ಲಕ್ಷಗಟ್ಟಲೆ ಸುರಿದ ಮ್ಯಾಲೆ ಇದು ಗೊತ್ತಾದ್ರೆ ಏನು ಬಂತು? ಕಟರ್ ಹಚ್ಚೋಕಿಂತ ಮೊದ್ಲೇ ಆರ್‌ಟಿಒದಾಗ ಕೇಳ್ರಪ್ಪ. ಕೈಯಿಂದ ಕಟ್ಟಿದ ಇಂಥ ಗಾಡಿಗೆ ತಪಾಸಣೆ ಮಾಡಿ ಬ್ಯಾರೆ ನೋಂದಣಿ ಕೊಡೋ ದಾರಿ ಸರ್ಕಾರನೂ ಯೋಚಿಸ್ಲಿ.

ಇಂತಿ,
ಹಳೇ ಫಿಯೆಟ್ ಡ್ರೈವರ್, ಬಳ್ಳಾರಿ