ಕುದಿಸಿದರೆ ಫ್ಲೋರೈಡ್ ಹೋಗದು ಎಂದು ಹಳ್ಳಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ 26 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಮಕ್ಕಳನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಆರನೇ ತರಗತಿಯ ಒಬ್ಬ ಹುಡುಗಿಯ ಹಲ್ಲಿನ ಕಂದು ಗೆರೆಗಳು ಹೋಗಲೆಂದು ಅವಳ ತಾಯಿ ಇದ್ದಿಲು, ಉಪ್ಪು ಸೇರಿಸಿ ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿಸುತ್ತಿದ್ದರು. ಅದು ಮೇಲೆ ಕೂತ ಕೊಳೆಯಲ್ಲ, ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಕುಡಿಯುವ ನೀರಿನಲ್ಲಿ ಮಿತಿಮೀರಿ ಕರಗಿದ ಫ್ಲೋರೈಡ್ ಎಂಬ ಖನಿಜಾಂಶ ಮಾಡಿದ ಹಾನಿ ಎಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಮೊದಲ ಕೆಲವು ವರ್ಷ ನಾನೂ ಅಂಥ ಮಕ್ಕಳನ್ನು ‘ಸರಿಯಾಗಿ ಹಲ್ಲುಜ್ಜಿ ಬಾ’ ಎಂದು ಗದರಿದ್ದೇನೆ. ಅದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡ ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮೂಳೆಗಳನ್ನೂ ಕೆಡಿಸಿ ಮಂಡಿ, ಬೆನ್ನು ಬಗ್ಗದಂತಾಗುವ ಹೊತ್ತಿಗೆ ಹತ್ತಾರು ವರ್ಷ ಕಳೆದಿರುತ್ತದೆ.

2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಮೇಲೆ ‘ಕುದಿಸಿ ಆರಿಸಿ ಕುಡಿಯಿರಿ’ ಎಂಬ ಮಾತು ಮನೆಮನೆಗೂ ಮುಟ್ಟಿತು. ರೋಗಾಣುಗಳ ಮಟ್ಟಿಗೆ ಅದು ನೂರಕ್ಕೆ ನೂರು ಸರಿ. ಆದರೆ ಅದೇ ಮಾತನ್ನು ನಂಬಿ, ನಮ್ಮ ಬೀದಿಯ ಅಜ್ಜಿಯೊಬ್ಬರು ಮೊಮ್ಮಗನಿಗಾಗಿ ಬೋರ್‌ವೆಲ್ ನೀರನ್ನು ಅರ್ಧಕ್ಕಿಳಿಯುವವರೆಗೆ ಕಾಯಿಸುತ್ತಾರೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಒಂದೇ ತಿಳಿವಳಿಕೆಯನ್ನು ಎರಡು ಬೇರೆ ಅಪಾಯಗಳಿಗೆ ಹಂಚಿದ ತಪ್ಪು ಅಜ್ಜಿಯದಲ್ಲ.

ಊರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಹಾಕಿ ಕ್ಯಾನ್ ತುಂಬಿಸುವವರೂ ಆ ನೀರನ್ನು ಕುಡಿಯಲು ಮಾತ್ರ ಇಡುತ್ತಾರೆ. ಮುದ್ದೆಯ ಎಸರು, ಸಾರು, ಚಹಾ ಎಲ್ಲವೂ ಬೋರ್‌ವೆಲ್ ನೀರಿನಲ್ಲೇ. ಎಸರಿನ ನೀರನ್ನೆಲ್ಲ ಹಿಟ್ಟು ಹೀರಿಕೊಳ್ಳುವುದರಿಂದ ಅದರಲ್ಲಿದ್ದ ಫ್ಲೋರೈಡೂ ತಟ್ಟೆಗೇ ಬರುತ್ತದೆ. ಘಟಕ ಕೆಟ್ಟು ವಾರಗಟ್ಟಲೆ ಬಾಗಿಲು ಹಾಕಿದಾಗಲಂತೂ ಕುಡಿಯುವುದಕ್ಕೂ ಅದೇ ನೀರು.

ತುಂಗಭದ್ರಾ ಹಿನ್ನೀರು ಎಲ್ಲ ಮನೆಗಳಿಗೂ ನಿಲ್ಲದೆ ಹರಿದುಬರುವುದೇ ಶಾಶ್ವತ ಪರಿಹಾರ ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿಯವರೆಗೆ ಆಗಬೇಕಾದ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆಯಿದೆ. ಅವರು ಕಂಡುಕೊಂಡ ಫಲಿತಾಂಶ ಕಡತದಲ್ಲಿ ಉಳಿಯದೆ, ‘ಈ ನೀರು ಅಡುಗೆಗೂ ಬೇಡ’ ಅಥವಾ ‘ಬಳಸಬಹುದು’ ಎಂದು ಆಯಾ ಟ್ಯಾಂಕಿನ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಯಲ್ಪಡಬೇಕು. ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಬಹುಪಾಲು ಎಂಟು ವರ್ಷದೊಳಗೆ; ಆದ್ದರಿಂದ ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಶುದ್ಧ ನೀರು ಮೊದಲು ಸಿಗಬೇಕು. ಹಾಲು, ರಾಗಿ, ನೆಲ್ಲಿಕಾಯಿಯಂಥ ಸುಣ್ಣದಂಶ ಮತ್ತು ಸಿ ಜೀವಸತ್ವದ ಆಹಾರ ಫ್ಲೋರೈಡಿನ ಹಾನಿ ತಗ್ಗಿಸಲು ಏಕೆ ಮುಖ್ಯವೆಂದು ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ, ತಾಯಂದಿರಿಗೆ ಮನೆಬಾಗಿಲಲ್ಲೇ ವಿವರಿಸಬೇಕು. ಜಿಲ್ಲಾ ಪಂಚಾಯಿತಿಯು ಮುಂದಿನ ಗ್ರಾಮಸಭೆಗಳಲ್ಲೇ ಇದನ್ನು ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ