ನಿರೂಪಕರು ಹೋದರೆ ಜಿಲ್ಲಾ ಬುಲೆಟಿನ್ ಯಾಕೆ ಎಡವಬೇಕು?

ಸಂಪಾದಕರಿಗೆ,

ಮಾನ್ಯರೆ,

ಸುದ್ದಿವಾಹಿನಿಯ ಪರಿಚಿತ ಮುಖವೊಂದು ಇನ್ನೊಂದು ವಾಹಿನಿಗೆ ಹೋದಾಗಲೆಲ್ಲ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಸಂಬಳ ಎಷ್ಟು ಏರಿತು, ಯಾರ ಜೊತೆ ಮುನಿಸು, ಹೋದ ಕಡೆ ಯಾವ ಹೊತ್ತಿನ ಕಾರ್ಯಕ್ರಮ ಸಿಕ್ಕಿತು. ಆ ಮುಖ ಹೋದ ಮೇಲೆ ಸಂಜೆಯ ಜಿಲ್ಲಾ ಸುದ್ದಿಯ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಬುಲೆಟಿನ್ ಕಟ್ಟುವ ಕೆಲಸ ಬಲ್ಲವರಿಗೆ ಆ ಪ್ರಶ್ನೆಯೇ ಮುಖ್ಯ.

ವಾಹಿನಿ ಬದಲಿಸುವುದು ತಪ್ಪಲ್ಲ. ಈಟಿವಿ ಕನ್ನಡದಲ್ಲಿ ಪಳಗಿದ ಹಲವರು 2006ರ ಡಿಸೆಂಬರ್‌ನಲ್ಲಿ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್ ಬಂದಾಗ ಅತ್ತ ಹೋದರು. 2012ರಲ್ಲಿ ಪತ್ರಕರ್ತ ಎಚ್.ಆರ್. ರಂಗನಾಥ್ ಪಬ್ಲಿಕ್ ಟಿವಿ ಕಟ್ಟಿದಾಗ ಮತ್ತೊಂದು ಸುತ್ತು ಓಡಾಟ ನಡೆಯಿತು. 2017ರಲ್ಲಿ ಉದಯ ನ್ಯೂಸ್ ಮುಚ್ಚಿದಾಗ ಅಲ್ಲಿದ್ದವರಿಗೆ ಬೇರೆ ಬಾಗಿಲು ಹುಡುಕದೆ ದಾರಿಯಿರಲಿಲ್ಲ. ಬಿಟ್ಟು ಹೋದ ಮೇಲೆ ಇಂತಿಷ್ಟು ಕಾಲ ಎದುರಾಳಿ ವಾಹಿನಿಗೆ ಸೇರಬಾರದು ಎಂದು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳುವವರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ವೃತ್ತಿಗೆ ಅಡ್ಡಿ ಮಾಡುವ ಇಂಥ ಷರತ್ತು ಕೆಲಸ ಬಿಟ್ಟ ಮೇಲೆ ಊರ್ಜಿತವಾಗುವುದಿಲ್ಲ. ನೋಟಿಸ್ ಅವಧಿಯ ಷರತ್ತು ಬೇರೆ, ಅದಕ್ಕೆ ಬೆಲೆಯಿದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ತೊಂದರೆಯ ಬೇರು ಇರುವುದೇ ಅಲ್ಲಿ.

ಮೊದಲು ಅರ್ಧ ಗಂಟೆಯ ಜಿಲ್ಲಾ ಬುಲೆಟಿನ್ನಿನ ಲೆಕ್ಕ ನೋಡೋಣ. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಮತ್ತು ಸ್ವಂತ ಪ್ರಚಾರ ಹಾಕುವಂತಿಲ್ಲ. ಅಂದರೆ ಅರ್ಧ ಗಂಟೆಯಲ್ಲಿ ಸುದ್ದಿಗೆ ಉಳಿಯುವುದು 24 ನಿಮಿಷ. ಸಾಮಾನ್ಯ ದಿನದ ರನ್‌ಡೌನ್ (ಸುದ್ದಿಗಳ ಅನುಕ್ರಮ ಮತ್ತು ಸಮಯದ ಪಟ್ಟಿ) ಹೀಗಿರುತ್ತದೆ ಎಂದುಕೊಳ್ಳಿ: ಹೆಡ್‌ಲೈನ್ಸ್‌ಗೆ ಒಂದು ನಿಮಿಷ, ಆರು ಪ್ಯಾಕೇಜ್ (ಮೊದಲೇ ಸಿದ್ಧಪಡಿಸಿದ ದೃಶ್ಯವರದಿ), ಒಂದೊಂದು 90 ಸೆಕೆಂಡು, ಪ್ರತಿಯೊಂದಕ್ಕೂ ನಿರೂಪಕರ 20 ಸೆಕೆಂಡಿನ ಪೀಠಿಕೆ, ಅಂದರೆ ಲೀಡ್, ಒಟ್ಟು 11 ನಿಮಿಷ, ದೃಶ್ಯದ ಮೇಲೆ ನಿರೂಪಕರೇ ಓದುವ ಚಿಕ್ಕ ಸುದ್ದಿ ಹನ್ನೆರಡು, ತಲಾ 35 ಸೆಕೆಂಡು, ಅದು 7 ನಿಮಿಷ, ಒಂದು ಲೈವ್ ಎರಡೂವರೆ ನಿಮಿಷ, ಬ್ರೇಕಿನ ಹಿಂದುಮುಂದೆ ಬರುವ ಚಿಕ್ಕ ಸಂಗೀತ-ಚಿತ್ರದ ತುಣುಕು, ಅಂದರೆ ಸ್ಟಿಂಗ್‌ಗಳಿಗೆ ಅರ್ಧ ನಿಮಿಷ. ಕೂಡಿಸಿದರೆ 22. ಕೈಯಲ್ಲಿ ಉಳಿಯುವುದು ಎರಡೇ ನಿಮಿಷ. ಲೈವ್‌ನಲ್ಲಿ ವರದಿಗಾರರು ಒಂದು ನಿಮಿಷ ಹೆಚ್ಚಿಗೆ ಮಾತಾಡಿದರೆ ಅದರಲ್ಲಿ ಅರ್ಧ ಹೋಯಿತು.

ಈಗ ನಿರೂಪಕರು ಬದಲಾದರೆ ಏನಾಗುತ್ತದೆ ನೋಡಿ. ರನ್‌ಡೌನ್ ತಂತ್ರಾಂಶ ಪ್ರತಿ ಕಾಪಿಗೂ, ಅಂದರೆ ಓದಲು ಬರೆದ ಸುದ್ದಿಗೂ, ಪದ ಎಣಿಸಿ ಸಮಯ ತೋರಿಸುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಓದಿನ ವೇಗವನ್ನೇ ಬಿಟ್ಟರೆ ಕನ್ನಡ ಕಾಪಿಯ ಸಮಯ ಕಡಿಮೆಯಾಗಿ ಕಾಣುತ್ತದೆ, ಯಾಕೆಂದರೆ ‘ಜಿಲ್ಲಾಧಿಕಾರಿಯವರಿಗೆ’ ಎಂಬುದು ಅದರ ಲೆಕ್ಕದಲ್ಲಿ ಒಂದೇ ಪದ. ತಿಳಿದ ಪ್ರೊಡ್ಯೂಸರ್ ಆ ವೇಗವನ್ನು ತನ್ನ ನಿರೂಪಕರ ಓದಿಗೆ ಸರಿಹೊಂದಿಸಿರುತ್ತಾರೆ. ನಿರೂಪಕರು ಹೋದರೂ ಆ ಅಂಕಿ ಯಂತ್ರದಲ್ಲಿ ಹಾಗೇ ಕೂತಿರುತ್ತದೆ. ಹೊಸಬರು ಹತ್ತರಲ್ಲಿ ಒಂದು ಪಾಲು ನಿಧಾನವಾಗಿ ಓದಿದರೂ ಲೀಡ್ ಮತ್ತು ಚಿಕ್ಕ ಸುದ್ದಿ ಸೇರಿ ಒಂಬತ್ತು ನಿಮಿಷದ ಓದಿಗೆ 54 ಸೆಕೆಂಡು ಹೆಚ್ಚು ಬೇಕು. ಅದು ಒಂದೂವರೆ ಚಿಕ್ಕ ಸುದ್ದಿಯಷ್ಟು ಸಮಯ. ಲೈವ್ ಕೂಡ ಉದ್ದವಾದರೆ ಕೊನೆಯ ಭಾಗದಿಂದ ಸುದ್ದಿ ತೆಗೆಯುವುದು ಬಿಟ್ಟು ಪ್ರಸಾರ ನಿಯಂತ್ರಿಸುವ ಕೋಣೆಯಾದ ಪಿಸಿಆರ್‌ಗೆ ಬೇರೆ ದಾರಿಯಿಲ್ಲ. ಕೊನೆಯ ಭಾಗದಲ್ಲಿ ಇರುವುದು ಬೆಂಗಳೂರಿನ ಸುದ್ದಿಯಲ್ಲ. ಯಾದಗಿರಿಯ ನೀರಿನ ಸಮಸ್ಯೆ, ಬೀದರ್‌ನ ಸೋಯಾ ಬೆಲೆ, ಚಾಮರಾಜನಗರದ ಆನೆ ದಾಳಿ ಅಲ್ಲಿರುತ್ತವೆ. ತಮ್ಮ ಜಿಲ್ಲೆಯ ಸುದ್ದಿ ಟಿವಿಯಲ್ಲಿ ಬರುವುದೇ ಇಲ್ಲ ಎಂದು ಆ ಭಾಗದವರು ಹೇಳುವ ದೂರಿನ ಒಂದು ಕಾರಣ ಇಷ್ಟು ಸಣ್ಣದು. ಸರಿಪಡಿಸುವುದಕ್ಕೂ ಹೆಚ್ಚು ಹೊತ್ತು ಬೇಡ: ಹೊಸ ನಿರೂಪಕರಿಂದ ಹಳೆಯ ಬುಲೆಟಿನ್ನಿನ ಐದು ಕಾಪಿ ಓದಿಸಿ, ಗಡಿಯಾರ ಹಿಡಿದು, ಬಂದ ಸರಾಸರಿಯನ್ನು ಯಂತ್ರಕ್ಕೆ ಹಾಕಬೇಕು.

ಎರಡನೆಯದು ಊರಿನ ಹೆಸರು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಮತ್ತೆ ತಪ್ಪು ಹೇಗೆ ಎಂದು ನೋಡುಗರು ಕೇಳುತ್ತಾರೆ. ಸುದ್ದಿಸಂಸ್ಥೆಯ ಕಾಪಿ ಇಂಗ್ಲಿಷಿನಲ್ಲಿ ಬರುತ್ತದೆ, ಪೊಲೀಸ್ ಇಲಾಖೆಯ ಟಿಪ್ಪಣಿಯೂ ಎಷ್ಟೋ ಸಲ ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸುವ ಕಾಪಿ ಎಡಿಟರ್‌ಗೆ ಆ ಊರು ಗೊತ್ತಿಲ್ಲದಿದ್ದರೆ ರೋಣ ‘ರಾನ್’ ಆಗುತ್ತದೆ, ಆಳಂದ ‘ಅಲಂದ್’, ಅಥಣಿ ‘ಅಥಾನಿ’, ಅಳ್ನಾವರ ‘ಅಲ್ನಾವರ್’. ಹಾನಗಲ್ ಪ್ರಕರಣ ಇನ್ನೂ ಗಂಭೀರ. ಇಂಗ್ಲಿಷ್ ಕಾಗುಣಿತ ನಂಬಿ ‘ಹಂಗಳ’ ಎಂದು ಬರೆದರೆ ಹಾವೇರಿ ಜಿಲ್ಲೆಯ ತಾಲ್ಲೂಕಿನ ಸುದ್ದಿ ಗುಂಡ್ಲುಪೇಟೆ ತಾಲ್ಲೂಕಿನ ಊರಿಗೆ ಹೋಗಿ ಕೂರುತ್ತದೆ. ಅಪಘಾತದ ಸುದ್ದಿಯಾದರೆ ಎರಡೂ ಕಡೆಯ ಮನೆಗಳಲ್ಲಿ ಗಾಬರಿ.

ಅನುಭವಿ ನಿರೂಪಕರು ಇಂಥ ತಪ್ಪನ್ನು ಓದುವ ಪರದೆಯಾದ ಪ್ರಾಂಪ್ಟರ್ ಮೇಲೆ ನೋಡಿದ ಕೂಡಲೇ ಬಾಯಲ್ಲೇ ತಿದ್ದಿ ಓದಿಬಿಡುತ್ತಾರೆ. ನೋಡುಗರಿಗೂ ಗೊತ್ತಾಗುವುದಿಲ್ಲ, ಕಾಪಿ ತಿದ್ದುವ ಡೆಸ್ಕಿಗೂ ಗೊತ್ತಾಗುವುದಿಲ್ಲ. ಕಾಪಿಯಲ್ಲಿ ತಪ್ಪು ಹಾಗೇ ಉಳಿದು, ಮರುದಿನ ಮತ್ತೆ ಬರುತ್ತದೆ, ಅವರು ಮತ್ತೆ ತಿದ್ದುತ್ತಾರೆ. ಅವರು ಹೋದ ದಿನ ಆ ತಿದ್ದುಪಡಿಯೆಲ್ಲ ಅವರ ತಲೆಯ ಜೊತೆಗೇ ಹೋಗುತ್ತದೆ. ಹೊಸಬರು ಪರದೆಯಲ್ಲಿ ಇದ್ದದ್ದನ್ನು ಇದ್ದಂತೆ ಓದಿ ಬೈಸಿಕೊಳ್ಳುತ್ತಾರೆ. ‘ಕನ್ನಡ ಬಾರದವರನ್ನು ತಂದು ಕೂರಿಸಿದ್ದಾರೆ’ ಎಂಬ ಟೀಕೆಗಳಲ್ಲಿ ಬಹುಪಾಲು ಈ ಬಗೆಯವು ಎಂದು ಖಚಿತವಾಗಿ ಹೇಳಬಲ್ಲೆ. ಬೈಗುಳ ಡೆಸ್ಕಿಗೆ ಸಲ್ಲಬೇಕಿತ್ತು.

ಎಲ್ಲಿಂದ ಪ್ರಸಾರ ಆಗುತ್ತದೆ ಎಂಬುದು ಜಿಲ್ಲೆಯ ಸುದ್ದಿಯನ್ನು ಸರಿಯಾಗಿ ಓದುವುದಕ್ಕೆ ಅಡ್ಡಿಯಲ್ಲ. 2000ದ ಡಿಸೆಂಬರ್‌ನಲ್ಲಿ ಶುರುವಾದ ಈಟಿವಿ ಕನ್ನಡದ ವಾರ್ತೆ ತಯಾರಾಗುತ್ತಿದ್ದುದು ಹೈದರಾಬಾದ್ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಕರ್ನಾಟಕದ ಹೊರಗೆ ಕೂತು ಓದಿದರೂ ಅದು ನಮ್ಮ ಜಿಲ್ಲೆಗಳ ವಾರ್ತೆಯಾಗಿಯೇ ಮನೆಮನೆಗೆ ತಲುಪಿತ್ತು. ಜಿಲ್ಲೆಯಲ್ಲಿ ವರದಿಗಾರರು, ಅವರ ಕಾಪಿಯನ್ನು ಕೂತು ಓದುವ ಡೆಸ್ಕು, ಎರಡೂ ಇದ್ದರೆ ಸ್ಟುಡಿಯೊ ಎಲ್ಲಿದ್ದರೂ ನಡೆಯುತ್ತದೆ.

ಪ್ರಾಂಪ್ಟರ್ ಬಗ್ಗೆ ಹೇಳಲೇಬೇಕು. ಕ್ಯಾಮೆರಾದ ಲೆನ್ಸ್ ಮುಂದೆ ಓರೆಯಾಗಿ ಕೂರಿಸಿದ ಗಾಜು, ಕೆಳಗೆ ಮಲಗಿಸಿದ ಮಾನಿಟರ್‌ನಲ್ಲಿ ಕನ್ನಡಿಯ ಬಿಂಬದಂತೆ ತಿರುಗಿಸಿದ ಅಕ್ಷರ, ಪಕ್ಕದಲ್ಲಿ ಕೂತು ಅದನ್ನು ಉರುಳಿಸುವ ಆಪರೇಟರ್. ದೂರದಿಂದ ಓದಬೇಕಾದ್ದರಿಂದ ಅಕ್ಷರ ದೊಡ್ಡದು, ಒಂದು ಸಾಲಿಗೆ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ಹಳೆಯ ನುಡಿ, ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿದ ಕಾಪಿಯನ್ನು ಯುನಿಕೋಡ್ ಪ್ರಾಂಪ್ಟರಿಗೆ ಪರಿವರ್ತಿಸದೆ ಅಂಟಿಸಿದರೆ ಅಕ್ಷರವೆಲ್ಲ ಗೋಜಲು. ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತು ಕೆಲವೆಡೆ ಜಾಗ ತಪ್ಪುತ್ತವೆ. ಅದಕ್ಕಿಂತ ಹೆಚ್ಚು ಕಾಡುವುದು ಅಂಕಿ. ಕಾಪಿಯಲ್ಲಿ ‘1,24,350’ ಎಂದಿದ್ದರೆ ಓದುವವರು ಒಂದು ಕ್ಷಣ ಎಣಿಸಲೇಬೇಕು, ದನಿ ಅಲ್ಲೇ ಮುಗ್ಗರಿಸುತ್ತದೆ. ‘ಒಂದು ಲಕ್ಷ ಇಪ್ಪತ್ನಾಲ್ಕು ಸಾವಿರದ ಮುನ್ನೂರೈವತ್ತು’ ಎಂದು ಅಕ್ಷರದಲ್ಲಿ ಬರೆದು, ಸಾಲು ‘ಸಾವಿರದ’ ಎಂಬಲ್ಲಿ ಮುರಿಯುವಂತೆ ನೋಡಿಕೊಂಡರೆ ಹೊಸಬರೂ ನಿರಾಯಾಸವಾಗಿ ಓದುತ್ತಾರೆ.

ಮಳೆಗಾಲದಲ್ಲಿ ಜಲಾಶಯದ ಸುದ್ದಿ ಓದುವವರಿಗೆ ಈ ಕಷ್ಟ ಇಮ್ಮಡಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ತುಂಗಭದ್ರಾದ್ದು 1,633 ಅಡಿ, ಆಲಮಟ್ಟಿಯದು 519.60 ಮೀಟರ್. ಮೊದಲನೆಯದು ಅಣೆಕಟ್ಟೆಯ ತಳದಿಂದ ಅಳೆದದ್ದು, ಉಳಿದೆರಡು ಸಮುದ್ರಮಟ್ಟದಿಂದ. ಮೂರನ್ನೂ ಒಂದೇ ಗ್ರಾಫಿಕ್ಸ್‌ನಲ್ಲಿ ಸಾಲಾಗಿ ಹಾಕಿ ‘ಅಡಿ’ ಎಂದು ಓದಿಸಿದ್ದನ್ನು ನೋಡುಗರು ಕಂಡಿರುತ್ತಾರೆ. ಕ್ಯೂಸೆಕ್ ಎನ್ನುವುದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಎಂಬ ಅಳತೆ, ಟಿಎಂಸಿ (ನೂರು ಕೋಟಿ ಘನ ಅಡಿ) ಎನ್ನುವುದು ಸಂಗ್ರಹದ ಅಳತೆ. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು, ಹೊರಹರಿವು ಅದಲುಬದಲಾದರೆ ನದಿ ದಂಡೆಯ ಊರಿನವರಿಗೆ ಅದು ಬರೀ ಓದಿನ ತಪ್ಪಲ್ಲ, ದನಕರು ಬಿಚ್ಚಿ ಹೊರಡಬೇಕೋ ಬೇಡವೋ ಎಂಬ ಪ್ರಶ್ನೆ. ವರ್ಷಗಟ್ಟಲೆ ಈ ಸುದ್ದಿ ಓದಿದ ನಿರೂಪಕರು ಅಂಕಿ ಕಂಡ ಕೂಡಲೇ ಅನುಮಾನಪಟ್ಟು ಬ್ರೇಕಿನಲ್ಲಿ ಡೆಸ್ಕಿಗೆ ಕೇಳುತ್ತಾರೆ. ಮೊದಲ ವಾರದ ನಿರೂಪಕರಿಗೆ ಆ ಧೈರ್ಯವೂ ಇರುವುದಿಲ್ಲ, ಕೇಳಬೇಕೆಂದೂ ತಿಳಿದಿರುವುದಿಲ್ಲ.

ಲೈವ್ ಸಂಗತಿ ಚಿಕ್ಕದಾಗಿ. ಜಿಲ್ಲೆಯಿಂದ ಬರುವ ಲೈವ್ ಈಗ ಬಹುತೇಕ ಬ್ಯಾಕ್‌ಪ್ಯಾಕ್‌ನಿಂದ, ಅಂದರೆ ಹಲವು ಸಿಮ್‌ಗಳ ಡೇಟಾ ಒಟ್ಟು ಸೇರಿಸಿ ಕಳಿಸುವ ಪೆಟ್ಟಿಗೆಯಿಂದ. ಒಂದರಿಂದ ಮೂರು ಸೆಕೆಂಡಿನ ವಿಳಂಬ ಇದ್ದೇ ಇರುತ್ತದೆ. ಸಿಗ್ನಲ್ ದುರ್ಬಲವಾದ ಮಲೆನಾಡಿನ ಕಡೆ ವಿಳಂಬ ಕಡಿಮೆ ಮಾಡಲು ಹೋದರೆ ಚಿತ್ರ ಒಡೆಯುತ್ತದೆ. ಪ್ರಶ್ನೆ ಕೇಳಿ ಅಷ್ಟು ಹೊತ್ತು ಸುಮ್ಮನಿರುವುದು ನಿರೂಪಕರು ಕಲಿಯಬೇಕಾದ ವಿದ್ಯೆ. ಕಲಿಯದಿದ್ದರೆ ‘ಕೇಳಿಸ್ತಿದೆಯಾ’ ಎಂದು ಇವರು, ‘ಹೇಳಿ ಹೇಳಿ’ ಎಂದು ಅವರು. ವರದಿಗಾರರ ಕಿವಿಗೆ ಹೋಗುವ ಧ್ವನಿಯಿಂದ ಅವರದೇ ಧ್ವನಿಯನ್ನು ಕಳೆದು ಕಳಿಸುವುದು ಆಡಿಯೊ ಎಂಜಿನಿಯರ್ ಕೆಲಸ. ಅದು ತಪ್ಪಿದರೆ ತಮ್ಮ ಮಾತೇ ತಡವಾಗಿ ಕೇಳಿ ವರದಿಗಾರರು ತೊದಲುತ್ತಾರೆ.

ಇಷ್ಟೆಲ್ಲ ನಿಂತಿರುವುದು ಜಿಲ್ಲಾ ವರದಿಗಾರರ ಮೇಲೆ. ತಾಲ್ಲೂಕು ಮಟ್ಟದಲ್ಲಿ ಅವರಲ್ಲಿ ಅನೇಕರಿಗೆ ಸಂಬಳವಿಲ್ಲ, ಸುದ್ದಿಗೆ ಇಷ್ಟು ಎಂದು ದುಡ್ಡು. ಅವರು ಕಳಿಸುವ ದೃಶ್ಯ ಹೇಗಿರಬೇಕೆಂದು ಯಾರೂ ಹೇಳಿಕೊಡುವುದಿಲ್ಲ: ಮೊಬೈಲ್ ಅಡ್ಡ ಹಿಡಿಯಬೇಕು, ಒಂದೊಂದು ಶಾಟ್ ಅಲುಗಾಡದೆ ಎಂಟು ಹತ್ತು ಸೆಕೆಂಡು ಇರಬೇಕು, ದೂರದ್ದು, ನಡುವಿನದು, ಹತ್ತಿರದ್ದು ಮೂರೂ ಬೇಕು, ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ) ಕೊಟ್ಟವರ ಹೆಸರು ಮತ್ತು ಹುದ್ದೆಯನ್ನು ಅವರಿಂದಲೇ ಕ್ಯಾಮೆರಾ ಮುಂದೆ ಹೇಳಿಸಬೇಕು. ಈ ಕೊನೆಯದನ್ನು ಮಾಡಿದರೆ ಪರದೆಯ ಮೇಲೆ ಬರುವ ಹೆಸರಪಟ್ಟಿಯ ಅರ್ಧ ತಪ್ಪು ತಾನಾಗಿ ನಿಲ್ಲುತ್ತದೆ.

ಇನ್ನು ನೋಟಿಸ್ ಅವಧಿ. ನಿರೂಪಕರು ರಾಜೀನಾಮೆ ಕೊಟ್ಟರೆಂದರೆ ಅಂದೇ ಅವರನ್ನು ಪರದೆಯಿಂದ ಇಳಿಸುವುದು ಅನೇಕ ಕಡೆ ರೂಢಿ. ಎದುರಾಳಿ ವಾಹಿನಿಗೆ ಹೋಗುವವರ ಮುಖವನ್ನು ಇನ್ನೂ ಯಾಕೆ ತೋರಿಸಬೇಕು ಎಂಬ ಯೋಚನೆ ಅರ್ಥವಾಗುತ್ತದೆ. ಪರದೆಯಿಂದ ಇಳಿಸಿದವರನ್ನು ಡೆಸ್ಕಿನಿಂದಲೂ ದೂರ ಇಡುವುದು ಮಾತ್ರ ಪೂರ್ತಿ ನಷ್ಟದ ಬಾಬತ್ತು. ಒಂದು ತಿಂಗಳು, ಎರಡು ತಿಂಗಳು ಸಂಬಳ ಕೊಡುತ್ತಾ ಅವರನ್ನು ಸುಮ್ಮನೆ ಕೂರಿಸುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಆ ಅವಧಿಯಲ್ಲಿ ಅವರು ಡೆಸ್ಕಿನವರ ಜೊತೆ ಕೂತು ತಾವು ಬಾಯಲ್ಲೇ ತಿದ್ದುತ್ತಿದ್ದ ಹೆಸರುಗಳನ್ನೆಲ್ಲ ಬರೆಸಬಹುದಿತ್ತು. ನಾಲ್ಕು ಕಾಲಂ ಸಾಕು: ಸರಿಯಾದ ರೂಪ, ಜಿಲ್ಲೆ ಮತ್ತು ತಾಲ್ಲೂಕು, ಇಂಗ್ಲಿಷಿನಿಂದ ತಪ್ಪಾಗಿ ಬರುವ ರೂಪ, ಆ ಹೆಸರಿನದೇ ಬೇರೆ ಊರು ಇದ್ದರೆ ಅದು. ರಾಜ್ಯದ ತಾಲ್ಲೂಕುಗಳಿಂದ ಶುರುಮಾಡಿ, ಹೋಬಳಿ, ನದಿ, ಜಲಾಶಯ, ಜಾತ್ರೆ, ಮಠಗಳಿಗೆ ಬೆಳೆಸಬಹುದು. ಅದು ರನ್‌ಡೌನ್ ತಂತ್ರಾಂಶದ ಒಳಗೇ ಇದ್ದರೆ ಕಾಪಿ ಎಡಿಟರ್ ಟೈಪ್ ಮಾಡುವಾಗಲೇ ಸಿಗುತ್ತದೆ. ಪಟ್ಟಿಗೆ ಹೊಸ ಹೆಸರು ಸೇರಿಸುವ ಹಕ್ಕು ಜಿಲ್ಲಾ ವರದಿಗಾರರಿಗೂ ಇರಬೇಕು. ತಮ್ಮ ಊರ ಹೆಸರನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮತ್ತೊಂದು ರೂಢಿ ಬರಬೇಕು. ನಿರೂಪಕರು ಓದುವಾಗ ಬಾಯಲ್ಲಿ ತಿದ್ದಿದ ಪ್ರತಿ ಪದವನ್ನೂ ಪಿಸಿಆರ್‌ನಲ್ಲಿ ಕೂತ ಪ್ರೊಡ್ಯೂಸರ್ ಗುರುತು ಹಾಕಿಕೊಂಡು ಬುಲೆಟಿನ್ ಮುಗಿದ ಕೂಡಲೇ ಮೂಲ ಕಾಪಿಯಲ್ಲಿ ತಿದ್ದಿಸಬೇಕು. ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಅದೇ ಕಾಪಿ ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಏಳಕ್ಕೆ ಮತ್ತೆ ಓಡುತ್ತದೆ, ವಾಹಿನಿಯ ಜಾಲತಾಣಕ್ಕೂ ತಪ್ಪಿನೊಂದಿಗೇ ಹೋಗುತ್ತದೆ.

ನೋಡುಗರಿಗೂ ಒಂದು ಮಾತು. ತಪ್ಪು ಊರಿನ ದೃಶ್ಯ, ಹಳೆಯ ದೃಶ್ಯವನ್ನು ಇಂದಿನದೆಂದು ತೋರಿಸಿದ್ದು, ಇಂಥವನ್ನು ಕಂಡರೆ ಮೊಬೈಲಿನಲ್ಲಿ ಬೈದು ಸುಮ್ಮನಾಗಬೇಡಿ. ಕೇಬಲ್ ಟಿವಿ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ಕಾರ್ಯಕ್ರಮ ಸಂಹಿತೆಯ (ಟಿವಿಯಲ್ಲಿ ಏನು ತೋರಿಸಬಾರದು ಎಂಬ ನಿಯಮಗಳ) ಉಲ್ಲಂಘನೆಯ ಬಗ್ಗೆ ಬರೆದು ಕೊಟ್ಟ ದೂರಿಗೆ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಪ್ರಸಾರದ ಧ್ವನಿಮುದ್ರಿಕೆ, ದೃಶ್ಯಮುದ್ರಿಕೆಯನ್ನು ವಾಹಿನಿಗಳು 90 ದಿನ ಕಾಪಾಡಬೇಕು ಎಂಬ ನಿಯಮವೂ ಇದೆ. ದಿನಾಂಕ, ಪ್ರಸಾರವಾದ ಗಂಟೆ ನಿಮಿಷ ಬರೆದು ಕಳಿಸಿದರೆ ಹುಡುಕುವುದು ಸುಲಭ.

ತಮ್ಮಲ್ಲಿ ಕೋರಿಕೆ ಇಷ್ಟೇ. ಮುಂದಿನ ಸಲ ನಿರೂಪಕರೊಬ್ಬರು ವಾಹಿನಿ ಬದಲಿಸಿದ ಸುದ್ದಿ ಬರೆಯುವಾಗ ಎರಡೂ ವಾಹಿನಿಗಳಿಗೆ ಈ ಮೂರು ಪ್ರಶ್ನೆ ಕೇಳಿ, ಉತ್ತರ ಪ್ರಕಟಿಸಿ: ಸಂಬಳ ಪಡೆಯುವ ವರದಿಗಾರರು ಎಷ್ಟು ಜಿಲ್ಲೆಗಳಲ್ಲಿದ್ದಾರೆ, ಜಿಲ್ಲಾ ಸುದ್ದಿಯ ಕಾಪಿಯನ್ನು ಪ್ರಸಾರಕ್ಕೆ ಮುನ್ನ ಎರಡನೆಯವರು ಓದುತ್ತಾರೆಯೆ, ಊರ ಹೆಸರುಗಳ ಪಟ್ಟಿ ಯಾರ ಬಳಿ ಇದೆ.

ಇಂತಿ,
ಸುದ್ದಿವಾಹಿನಿಯ ಬುಲೆಟಿನ್ ಪ್ರೊಡ್ಯೂಸರ್
ಬೆಂಗಳೂರು